ಗಂಡನ ಸಹಿ, ಹೆಂಡತಿಯ ಆಪರೇಷನ್: ಓದುಗರ ಪ್ರಶ್ನೆಗಳಿಗೆ ವಕೀಲರ ಉತ್ತರ

ಪ್ರಶ್ನೆ: ನನಗೆ 31 ವರ್ಷ, ಇಬ್ಬರು ಮಕ್ಕಳಿದ್ದಾರೆ. ಕಾಪರ್-ಟಿ ಹಾಕಿಸಿಕೊಂಡಿದ್ದರೂ ಗರ್ಭ ನಿಂತು ಏಳು ವಾರವಾಗಿದೆ. ಮೂರನೆಯದು ಬೇಡವೆಂದು ಖಾಸಗಿ ನರ್ಸಿಂಗ್ ಹೋಮ್‌ಗೆ ಹೋದರೆ, ‘ಯಜಮಾನರನ್ನು ಕರೆದುಕೊಂಡು ಬನ್ನಿ, ಅವರ ಸಹಿ ಇಲ್ಲದೆ ಆಗುವುದಿಲ್ಲ’ ಎಂದರು. ಅವರು ಲಾರಿ ಓಡಿಸುತ್ತಾರೆ, ಸದ್ಯ ಹೊರರಾಜ್ಯದಲ್ಲಿದ್ದಾರೆ. ಅವರಿಗೆ ಇದೇ ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಷನ್ ಆದಾಗ ನನ್ನ ಸಹಿಯನ್ನು ಯಾರೂ ಕೇಳಲಿಲ್ಲ, ಮೈದುನನ ಸಹಿ ಸಾಕಾಯಿತು. ಕಾನೂನು ಏನು ಹೇಳುತ್ತದೆ?
– ಹೆಸರು ಬೇಡ, ಮದ್ದೂರು ತಾಲ್ಲೂಕು

ಉತ್ತರ: ಗಂಡನ ಸಹಿಯನ್ನು ಕಾನೂನು ಕೇಳುವುದಿಲ್ಲ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ಪ್ರಕಾರ, 18 ವರ್ಷ ತುಂಬಿದ, ಮಾನಸಿಕವಾಗಿ ಸ್ವಸ್ಥಳಾದ ಮಹಿಳೆಯ ವಿಷಯದಲ್ಲಿ ಬೇಕಾದದ್ದು ಆಕೆಯ ಒಪ್ಪಿಗೆ ಮಾತ್ರ. ಆಸ್ಪತ್ರೆಯವರು ತುಂಬಿಸಿಕೊಳ್ಳಬೇಕಾದ ‘ನಮೂನೆ ಸಿ’ಯನ್ನು ಕೇಳಿ ಪಡೆದು ಒಮ್ಮೆ ಓದಿ ನೋಡಿ. ಅದರಲ್ಲಿ ನಿಮ್ಮ ಹೆಸರು, ಇಂಥವರ ಮಗಳು ಅಥವಾ ಹೆಂಡತಿ ಎಂಬ ವಿವರ, ವಯಸ್ಸು, ವಿಳಾಸ ಮತ್ತು ನಿಮ್ಮ ಸಹಿಗೆ ಜಾಗವಿದೆ; ಗಂಡ ಸಹಿ ಹಾಕಲು ಒಂದು ಗೆರೆಯೂ ಇಲ್ಲ. ಪೋಷಕರ ಸಹಿ ಬೇಕಾಗುವುದು ಅಪ್ರಾಪ್ತೆಯರಿಗೆ ಮತ್ತು ಮಾನಸಿಕ ಅಸ್ವಸ್ಥರಿಗೆ ಮಾತ್ರ. ತನ್ನ ಒಪ್ಪಿಗೆಯಿಲ್ಲದೆ ಹೆಂಡತಿ ಗರ್ಭಪಾತ ಮಾಡಿಸಿಕೊಂಡಳೆಂದು ಆಕೆಯ ಮೇಲೂ ವೈದ್ಯರ ಮೇಲೂ ಪರಿಹಾರಕ್ಕಾಗಿ ದಾವೆ ಹೂಡಿದ್ದ ಗಂಡನೊಬ್ಬನ ಅರ್ಜಿಯನ್ನು ಸುಪ್ರೀಂ ಕೋರ್ಟು 2017ರಲ್ಲಿಯೇ ತಳ್ಳಿಹಾಕಿದೆ.

ಗರ್ಭನಿರೋಧಕ ಕೈಕೊಟ್ಟದ್ದೂ ಕಾನೂನು ಒಪ್ಪುವ ಕಾರಣವೇ. ಮೊದಲು ಈ ಕಾರಣ ‘ವಿವಾಹಿತ ಮಹಿಳೆ ಅಥವಾ ಆಕೆಯ ಗಂಡ’ ಬಳಸಿದ ವಿಧಾನಕ್ಕೆ ಸೀಮಿತವಾಗಿತ್ತು. 2021ರ ತಿದ್ದುಪಡಿಯಲ್ಲಿ ಅದು ‘ಯಾವುದೇ ಮಹಿಳೆ ಅಥವಾ ಆಕೆಯ ಸಂಗಾತಿ’ ಎಂದಾಯಿತು. 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಹಾಗೆಂದು ಔಷಧಿ ಅಂಗಡಿಯಿಂದ ಯಾರ ಕೈಲಾದರೂ ಮಾತ್ರೆ ತರಿಸಿ ನುಂಗಬೇಡಿ. ಕಾಪರ್-ಟಿ ಇದ್ದಾಗಲೇ ನಿಂತ ಗರ್ಭ ಗರ್ಭನಾಳದಲ್ಲಿ ಕೂತಿರುವ ಸಾಧ್ಯತೆ ಇರುವುದರಿಂದ ಮೊದಲು ಸ್ಕ್ಯಾನಿಂಗ್ ಆಗಲೇಬೇಕು.

ಆಸ್ಪತ್ರೆಯವರ ಅಂಜಿಕೆಗೆ ಕಾರಣವೇ ಇಲ್ಲವೆನ್ನಲಾರೆ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾದ ಮೇಲೆ ನಮ್ಮ ಕಡೆ ತಪಾಸಣೆ ಬಿಗಿಯಾಯಿತು, ಆಗಬೇಕಾದದ್ದೇ. ಆದರೆ ಹೆಣ್ಣು ಭ್ರೂಣವನ್ನು ಉಳಿಸಲೆಂದು ಬಂದ 1994ರ ಲಿಂಗಪತ್ತೆ ನಿಷೇಧ ಕಾಯ್ದೆಯ ನೆಪದಲ್ಲಿ, ಲಿಂಗ ಗುರುತಿಸಲು ಬಾರದ ಏಳನೇ ವಾರದಲ್ಲಿಯೇ ಬಂದ ಮಹಿಳೆಯನ್ನು ವಾಪಸು ಕಳಿಸುವುದು ಯಾವ ನ್ಯಾಯ? ಅಂಥ ಜಾಲಗಳ ಹಿಂದೆ ಗಂಡು ಮಗುವೇ ಬೇಕೆಂದು ಪಟ್ಟು ಹಿಡಿದ ಮನೆಯವರೂ ಇರುತ್ತಾರೆ. ಹಾಗಿರುವಾಗ ಅದೇ ಮನೆಯವರ ಸಹಿಯನ್ನು ರಕ್ಷಣೆಯೆಂದು ನಂಬುವುದು ನನಗಂತೂ ಅರ್ಥವಾಗದು.

ಸರ್ಕಾರಿ ಆಸ್ಪತ್ರೆಗಳಿಗೆ ಇದಕ್ಕೆಂದು ಬೇರೆ ಅನುಮತಿ ಬೇಕಿಲ್ಲ. ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ನೇರವಾಗಿ ಹೋಗಿ. ಅಲ್ಲಿಯೂ ಸಹಿಯ ಮಾತು ಬಂದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಲಿಖಿತ ದೂರು ಕೊಡಿ. ನಿಮ್ಮ ಹೆಸರನ್ನು ಹೊರಗೆ ಬಿಟ್ಟುಕೊಡುವುದು ಇದೇ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ.

ಪ್ರಶ್ನೆ: ನನ್ನ ಹೆಂಡತಿಗೆ ಎರಡೂ ಹೆರಿಗೆ ಸಿಸೇರಿಯನ್ ಆಗಿವೆ. ಇನ್ನು ಮಕ್ಕಳು ಸಾಕು, ಆಪರೇಷನ್ ನಾನೇ ಮಾಡಿಸಿಕೊಳ್ಳುತ್ತೇನೆ ಎಂದರೆ ಅಮ್ಮ ಊಟ ಬಿಟ್ಟು ಕೂತರು, ‘ದುಡಿಯೋ ಗಂಡಸು ಶಕ್ತಿ ಕಳಕೊಂಡರೆ ಗತಿಯೇನು’ ಅಂತ. ಆಶಾ ಕಾರ್ಯಕರ್ತೆ ಕೂಡ ‘ಮೇಡಂಗೇ ಮಾಡಿಸಿಬಿಡಿ ಸಾರ್’ ಎನ್ನುತ್ತಾರೆ. ಸರ್ಕಾರದ ನಿಯಮವೇ ಹಾಗಿದೆಯೇ?
– ಬ್ಯಾಂಕ್ ನೌಕರ, ಕುವೆಂಪುನಗರ, ಮೈಸೂರು

ಉತ್ತರ: ನಿಯಮ ಹಾಗಿಲ್ಲ, ರೂಢಿ ಹಾಗಿದೆ. ಮದುವೆಯಾದ, ಒಂದು ಮಗುವಾದರೂ ಇರುವ, 22 ವರ್ಷ ದಾಟಿದ ಗಂಡಸರಿಗೂ ಹೆಂಗಸರಿಗೂ ಈ ಚಿಕಿತ್ಸೆ ಲಭ್ಯ. ಸಂಗಾತಿಯ ಒಪ್ಪಿಗೆ ಇಬ್ಬರಿಗೂ ಕಡ್ಡಾಯವಲ್ಲ. ಗಂಡಸರಿಗೆ ಸಿಗುವ ಪ್ರೋತ್ಸಾಹಧನವೇ ಹೆಚ್ಚು. ಇಷ್ಟಾದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ 37.9ರಷ್ಟು ಮಂದಿ ತಾವೇ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡ ಮಾಡಿಸಿಕೊಂಡ ದಂಪತಿಗಳು ಶೇ 0.3 ಮಾತ್ರ.

ಇದು ಮೊದಲಿನಿಂದಲೂ ಹೀಗೇ ಇರಲಿಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್ ನಡೆದವು, ಅವರಲ್ಲಿ ಬಹುಪಾಲು ಗಂಡಸರು, ಬಲವಂತಕ್ಕೆ ಸಿಕ್ಕವರೂ ಬಹಳ. 1977ರ ಚುನಾವಣೆಯಲ್ಲಿ ಸರ್ಕಾರವೇ ಉರುಳಿದ ಮೇಲೆ ಗಂಡಸರ ತಂಟೆಗೆ ಹೋಗಲು ಯಾವ ಪಕ್ಷಕ್ಕೂ ಧೈರ್ಯ ಬರಲಿಲ್ಲ. ಗುರಿ ಮುಟ್ಟಿಸುವ ಹೊಣೆ ಸದ್ದಿಲ್ಲದೆ ಹೆಂಗಸರ ಹೊಟ್ಟೆಯ ಮೇಲೆ ಬಿತ್ತು. ಅದರ ಫಲವನ್ನು 2014ರಲ್ಲಿ ಛತ್ತೀಸಗಢದ ಬಿಲಾಸಪುರದಲ್ಲಿ ಕಂಡೆವು. ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಆಪರೇಷನ್ ಮಾಡಿದ ಶಿಬಿರದ ನಂತರ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಇಂಥ ಶಿಬಿರಗಳನ್ನೇ ನಿಲ್ಲಿಸಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. 1930ರಷ್ಟು ಹಿಂದೆಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಸಿದ ಮೈಸೂರು ಸಂಸ್ಥಾನದ ನೆಲದಲ್ಲಿಯೂ ‘ಮೇಡಂಗೇ ಮಾಡಿಸಿಬಿಡಿ’ ಎಂಬ ಸಲಹೆಯೇ ಸುಲಭವಾಗಿ ಸಿಗುತ್ತಿದೆ. ಆಶಾ ಕಾರ್ಯಕರ್ತೆಯನ್ನು ದೂರಬೇಡಿ. ಗಂಡಸರೊಡನೆ ಈ ವಿಷಯ ಎತ್ತಿ ಬೈಸಿಕೊಂಡ ಅನುಭವ ಆಕೆಗೆ ಇದ್ದೀತು.

ನಿಮ್ಮ ತಾಯಿಯವರಿಗೆ ಹೀಗೆ ತಿಳಿಸಿ ಹೇಳಿ: ಹೊಲಿಗೆಯಿಲ್ಲದ ವಾಸೆಕ್ಟಮಿಯಲ್ಲಿ ಆ ಭಾಗವನ್ನಷ್ಟೇ ಮರಗಟ್ಟಿಸಿ, ವೀರ್ಯಾಣು ಸಾಗುವ ನಾಳವನ್ನು ಮಾತ್ರ ಕತ್ತರಿಸಿ ಕಟ್ಟುತ್ತಾರೆ, ಅದೇ ದಿನ ಮನೆಗೆ ನಡೆದುಕೊಂಡು ಬರಬಹುದು. ಗಂಡಸುತನದ ಹಾರ್ಮೋನು ಈ ನಾಳದ ಮೂಲಕ ಹೋಗುವುದಿಲ್ಲ, ನೇರವಾಗಿ ರಕ್ತಕ್ಕೆ ಸೇರುತ್ತದೆ; ಹಾಗಾಗಿ ಶಕ್ತಿ ಕುಂದುವ ಮಾತೇ ಇಲ್ಲ. ಹೆಂಗಸರಿಗಾದರೆ ಹೊಟ್ಟೆಯನ್ನೇ ತೆರೆಯಬೇಕು, ನಿಮ್ಮ ಮನೆಯವರ ಹೊಟ್ಟೆ ಆಗಲೇ ಎರಡು ಸಲ ಕೊಯ್ಯಿಸಿಕೊಂಡಿದೆ. ಒಂದು ಎಚ್ಚರಿಕೆ: ಆಪರೇಷನ್ನಿನ ಫಲ ಅಂದೇ ಸಿಗುವುದಿಲ್ಲ. ಮೂರು ತಿಂಗಳು ಕಾಂಡೋಮ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಇದನ್ನು ಬಿಟ್ಟವರ ಮನೆಯಲ್ಲಿ ಗರ್ಭ ನಿಂತರೆ ಅನುಮಾನ ಬೀಳುವುದು ಹೆಂಡತಿಯ ನಡತೆಯ ಮೇಲೆ. ಅಂಥ ಪ್ರಕರಣ ವಕೀಲರ ಕಚೇರಿಯವರೆಗೂ ಬರುತ್ತದೆ.

ಪ್ರಶ್ನೆ: ನಾನು ಅವಿವಾಹಿತ ಉಪನ್ಯಾಸಕಿ, ವಯಸ್ಸು 39. ಕಾಯಿಲೆಯಿಂದ ಗರ್ಭಕೋಶ ತೆಗೆಸಬೇಕಾಯಿತು. ಬಾಡಿಗೆ ತಾಯಿಯ ಮೂಲಕ ಮಗು ಪಡೆಯಬಹುದೇ?
– ಮಂಡ್ಯ

ಉತ್ತರ: 2021ರ ಬಾಡಿಗೆ ತಾಯ್ತನ ಕಾಯ್ದೆ ಒಂಟಿ ಮಹಿಳೆಯರಲ್ಲಿ 35ರಿಂದ 45 ವರ್ಷದೊಳಗಿನ ವಿಧವೆ ಅಥವಾ ವಿಚ್ಛೇದಿತೆಗೆ ಮಾತ್ರ ಅವಕಾಶ ಕೊಡುತ್ತದೆ. ಒಮ್ಮೆ ತಾಳಿ ಕಟ್ಟಿಸಿಕೊಂಡವಳು ಒಂಟಿಯಾಗಿ ಮಗು ಸಾಕಬಲ್ಲಳು, ಕಟ್ಟಿಸಿಕೊಳ್ಳದವಳು ಸಾಕಲಾರಳು ಎಂಬ ತರ್ಕ ಎಲ್ಲಿಂದ ಬಂತೋ ತಿಳಿಯದು. ಅದೇ ವರ್ಷದ ಇನ್ನೊಂದು ಕಾಯ್ದೆ ಐವಿಎಫ್‌ನಂಥ ಚಿಕಿತ್ಸೆಯನ್ನು ಅವಿವಾಹಿತೆಯರಿಗೂ ಒಪ್ಪುತ್ತದೆ, ಆದರೆ ನಿಮ್ಮ ಸ್ಥಿತಿಯಲ್ಲಿ ಅದರಿಂದ ಪ್ರಯೋಜನವಿಲ್ಲ.

ನಿಮಗೆ ತೆರೆದಿರುವ ದಾರಿ ದತ್ತು. ಒಂಟಿ ಮಹಿಳೆ ಗಂಡು, ಹೆಣ್ಣು ಯಾವ ಮಗುವನ್ನಾದರೂ ದತ್ತು ಪಡೆಯಬಹುದು. ಒಂಟಿ ಪುರುಷನಿಗೆ ಹೆಣ್ಣು ಮಗುವನ್ನು ಕೊಡುವುದಿಲ್ಲ. ಎರಡು ವರ್ಷದೊಳಗಿನ ಮಗು ಬೇಕೆಂದರೆ ಒಂಟಿ ಪೋಷಕರಿಗೆ 40 ವರ್ಷದ ಮಿತಿಯಿದೆ, ಮತ್ತು ಲೆಕ್ಕಕ್ಕೆ ಬರುವುದು ನೋಂದಣಿಯ ದಿನದ ವಯಸ್ಸು. ಆದ್ದರಿಂದ ಕೇಂದ್ರೀಯ ದತ್ತು ಪ್ರಾಧಿಕಾರದ ಜಾಲತಾಣದಲ್ಲಿ ಮುಂದಿನ ಹುಟ್ಟುಹಬ್ಬಕ್ಕೆ ಮೊದಲೇ ಹೆಸರು ನೋಂದಾಯಿಸಿ.