ಸಂಪಾದಕರ ಉತ್ತರ: ಜಾತಕ ಬಿಟ್ಟು ಹಾಡಿಗೆ ಬನ್ನಿ ಸರ್

ಹೋದ ಸಂಚಿಕೇಲಿ ಅಮೆರಿಕದ ಲಿಂಕಿನ್ ಪಾರ್ಕ್ ಅನ್ನೋ ರಾಕ್ ಬ್ಯಾಂಡಿನ ಮೊದಲ ಆಲ್ಬಮ್ 'ಹೈಬ್ರಿಡ್ ಥಿಯರಿ'ಯನ್ನ ಮತ್ತೆ ಕೇಳಿ ನಾನು ಬರೆದಿದ್ದ ಮೂರು ಪುಟಕ್ಕೆ ರಾಜಾಜಿನಗರದ ಹಿರಿಯ ಓದುಗರೊಬ್ಬರು ಉದ್ದನೆಯ ಪತ್ರ ಕಳಿಸಿದ್ದಾರೆ. ಪೂರ್ತಿ ಹಾಕೋಕೆ ಜಾಗ ಇಲ್ಲ, ಸಾರಾಂಶ ಇಷ್ಟು. ಇದು ರಾಕೇ ಅಲ್ಲ, ಹುಡುಕಿದ್ರೂ ಒಂದು ಗಿಟಾರ್ ಸೋಲೋ (ಗಿಟಾರ್ ಒಂದೇ ಮುಂದೆ ಬಂದು ನುಡಿಯೋ ಭಾಗ) ಸಿಗಲ್ಲ. ಹುಡುಗರ ಜೇಬು ನೋಡ್ಕೊಂಡು ರೆಕಾರ್ಡ್ ಕಂಪನಿಯವರು ಫ್ಯಾಕ್ಟರೀಲಿ ಮಾಡಿಸಿದ ಮಾಲು. ಸಾಹಿತ್ಯ ಅಂದ್ರೆ ನನ್ನ ನೋವು, ನಿನ್ನ ತಪ್ಪು, ಅಷ್ಟೇ, ಬರೀ ನಾಟಕದ ಅಳು. ಬ್ರಿಟನ್ನಿನ ಹಳೇ ರಾಕ್ ಬ್ಯಾಂಡ್ ಡೀಪ್ ಪರ್ಪಲ್ ಕೇಳಿ ಬೆಳೆದ ಈ ಊರಿಗೆ ಇದನ್ನ ಕ್ಲಾಸಿಕ್ ಅಂತ ತಲೆಗೆ ಕಟ್ಟೋದು ಅನ್ಯಾಯ. ಕೊನೇಲಿ ಒಂದು ಎಚ್ಚರಿಕೆ ಬೇರೆ: "ಅವರವರ ರುಚಿ ಅವರವರಿಗೆ ಅಂತ ಮಾತ್ರ ಉತ್ತರ ಕೊಡಬೇಡಿ, ಅದು ಜಾರ್ಕೊಳ್ಳೋರ ಮಾತು."

ಸರ್, ನಮಸ್ಕಾರ. ಆ ಕೊನೇ ಸಾಲಿಗೆ ಮೊದಲು ಕೈ ಮುಗೀತೀನಿ. ಅವರವರ ರುಚಿ ಅಂತ ಅಂದ್ಬಿಟ್ರೆ ವಿಮರ್ಶೆ ಅನ್ನೋ ಅಂಗಡೀನೇ ಬಾಗಿಲು ಹಾಕ್ಬೇಕು. ರುಚಿ ಬಗ್ಗೆ ಜಗಳ ಆಡ್ಬೇಕು, ಜೋರಾಗೇ ಆಡ್ಬೇಕು. ಆದ್ರೆ ನಿಮ್ಮ ಪತ್ರ ಇಡೀ ಓದಿದ್ಮೇಲೆ ನಂಗೆ ಅನ್ನಿಸಿದ್ದು, ಅದರಲ್ಲಿ ಬ್ಯಾಂಡಿನ ಕುಲಗೋತ್ರ ಇದೆ, ಕಂಪನಿ ಇದೆ, ಕೇಳೋ ಹುಡುಗರ ವಯಸ್ಸು, ಅವರ ಕೂದಲು, ಅವರ ಟೀ-ಶರ್ಟು ಎಲ್ಲಾ ಇದೆ, ಆದ್ರೆ ಆಲ್ಬಮ್ಮಲ್ಲಿರೋ ಹನ್ನೆರಡು ಟ್ರ್ಯಾಕಲ್ಲಿ ಒಂದರ ಹೆಸರೂ ಇಲ್ಲ. ಹುಡುಗಿ ನೋಡೋಕೆ ಹೋಗಿ ಜಾತಕ ಮಾತ್ರ ನೋಡ್ಕೊಂಡು ಎದ್ದು ಬಂದ ಹಾಗಾಯ್ತು.

ಸರಿ, ಜಾತಕಾನೇ ನೋಡ್ಬೇಕು ಅಂತಿದ್ರೆ ನಿಮ್ಮ ಡೀಪ್ ಪರ್ಪಲ್‌ದೇ ನೋಡೋಣ ಬನ್ನಿ, ಅದು ಇನ್ನೂ ಮಜವಾಗಿದೆ. ಟೋನಿ ಎಡ್ವರ್ಡ್ಸ್ ಅಂತ ಲಂಡನ್ನಿನ ಬಟ್ಟೆ ವ್ಯಾಪಾರದ ಮನೆತನದವರು, ಅವರೂ ಅವರ ಪಾರ್ಟ್ನರ್‌ಗಳೂ ದುಡ್ಡು ಹಾಕಿ, ಒಬ್ಬೊಬ್ಬರನ್ನೇ ಸೇರಿಸಿ ಕಟ್ಟಿಸಿದ ಬ್ಯಾಂಡು ಅದು. 1968ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಲ್ಲಿ ಹಿಟ್ ಆಗಿದ್ದು 'ಹಶ್', ಅದು ಹೊರಗಿನವರಾದ ಜೋ ಸೌತ್ ಬರೆದ ಹಾಡು. ಬೀಟಲ್ಸ್‌ನವರ 'ಹೆಲ್ಪ್' ಕೂಡ ಅದರಲ್ಲಿದೆ. ನೀವು ದೇವರ ಥರ ಪೂಜೆ ಮಾಡೋ ಗಾಯಕ ಇಯಾನ್ ಗಿಲನ್ ಆಗ ಬ್ಯಾಂಡಲ್ಲೇ ಇರಲಿಲ್ಲ, ಅವರು ಬಂದಿದ್ದು 1969ಕ್ಕೆ. ಹಾಗಾದ್ರೆ ಡೀಪ್ ಪರ್ಪಲ್ ಫ್ಯಾಕ್ಟರಿ ಮಾಲಾ? ಖಂಡಿತ ಅಲ್ಲ. ದುಡ್ಡು ಯಾರು ಹಾಕಿದ್ರು, ಯಾರು ಯಾರನ್ನ ಸೇರಿಸಿದ್ರು ಅನ್ನೋದರಿಂದ ಅವರ ಗಿಟಾರಿಸ್ಟ್ ಬ್ಲ್ಯಾಕ್‌ಮೋರ್ ಕೈಬೆರಳಿಗೆ ಏನೂ ಆಗಲ್ಲ. ಆ ರಿಯಾಯಿತಿನ ನೀವು ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಯಾಕೆ ಕೊಡಲ್ಲ ಅನ್ನೋದಷ್ಟೇ ನನ್ನ ತಕರಾರು.

ಲಿಂಕಿನ್ ಪಾರ್ಕ್ ವಿಷಯದಲ್ಲಂತೂ ಫ್ಯಾಕ್ಟರಿ ಆರೋಪ ನಿಲ್ಲೋದೂ ಇಲ್ಲ. ರ‍್ಯಾಪ್ ಮಾಡೋ ಮೈಕ್ ಶಿನೋಡ, ಗಿಟಾರಿಸ್ಟ್ ಬ್ರಾಡ್ ಡೆಲ್ಸನ್, ಡ್ರಮ್ಮರ್ ರಾಬ್ ಬೋರ್ಡನ್ ಮೂರೂ ಜನ ಸ್ಕೂಲ್ ಫ್ರೆಂಡ್ಸು, ಶುರು ಮಾಡಿದ್ದು ಶಿನೋಡ ರೂಮಲ್ಲಿ, ಆಗ ಹೆಸರು 'ಜೀರೋ'. ಗಾಯಕ ಚೆಸ್ಟರ್ ಬೆನ್ನಿಂಗ್ಟನ್ ಅರಿಜೋನಾದಿಂದ ಬಂದು ಸೇರ್ಕೊಂಡಿದ್ದು 1999ರಲ್ಲಿ. ಎಷ್ಟೋ ಕಂಪನಿಗಳು ಬೇಡ ಅಂದ್ವು. ಕೊನೆಗೆ ಸೈನ್ ಆದ್ಮೇಲೂ ಕಂಪನಿಯ ಕೆಲವರಿಗೆ ಆ ರ‍್ಯಾಪ್ ಮಾಡೋ ಹುಡುಗ ಬೇಡವಾಗಿತ್ತು, ಶಿನೋಡನ್ನ ಪಕ್ಕಕ್ಕೆ ತಳ್ಳಿ ಅಂತ ಒತ್ತಡ, ಇವರು ಒಪ್ಪಲಿಲ್ಲ. ಕಂಪನಿ ಹೇಳಿದ ಹಾಗೆ ಕೇಳಿದ್ದಿದ್ರೆ ನಾವಿಬ್ರೂ ಇವತ್ತು ಜಗಳ ಆಡ್ತಿರೋ ಆಲ್ಬಮ್ಮೇ ಇರ್ತಿರಲಿಲ್ಲ. ಇಷ್ಟು ಸಾಕು ಜಾತಕ.

ಈಗ ಸೋಲೋ. ನಿಜ, ಇಲ್ಲ. ನೀವು ಹುಡುಕೋ ಥರದ್ದು ಒಂದೂ ಇಲ್ಲ. ಆದ್ರೆ ಸೋಲೋ ಅನ್ನೋದು ಹಾಡಲ್ಲಿ ಏನು ಕೆಲಸ ಮಾಡತ್ತೆ ಹೇಳಿ? ಎರಡನೇ ಕೋರಸ್, ಅಂದ್ರೆ ಪಲ್ಲವಿ, ಆದ್ಮೇಲೆ ಕಿವಿಗೆ ಸ್ವಲ್ಪ ಬೇರೆ ಏನಾದ್ರೂ ಬೇಕು, ಒತ್ತಡ ಇನ್ನೊಂದು ಮೆಟ್ಟಿಲು ಏರ್ಬೇಕು, ಅದಕ್ಕೆ ತಾನೇ? ಆ ಕೆಲಸ ಇಲ್ಲಿ ಬೇರೆಯವರು ಮಾಡ್ತಾರೆ, ಒಂದು ಕಡೆ ಬ್ಯಾಂಡಿನ ಡಿಜೆ ಜೋ ಹಾನ್ ಡಿಸ್ಕ್ ಮೇಲೆ ಉಜ್ಜೋ ಸ್ಕ್ರ್ಯಾಚು, ಇನ್ನೊಂದು ಕಡೆ ಚೆಸ್ಟರ್ ಗಂಟಲು. ಮೊದಲ ಹಾಡು 'ಪೇಪರ್‌ಕಟ್' ಹಾಕ್ಕೊಳ್ಳಿ, ಇಯರ್‌ಫೋನಲ್ಲಿ. ಕೊನೇ ಮುಕ್ಕಾಲು ನಿಮಿಷ ಗಮನ ಕೊಡಿ. ಚೆಸ್ಟರ್ ಮೇಲೆ ಒಂದು ಹೊಸ ಸಾಲನ್ನ ಎಳೆದು ಎಳೆದು ಹಾಡ್ತಿರ್ತಾರೆ, ಅದರ ಕೆಳಗೇ ಶಿನೋಡ ಹಳೇ ಕೋರಸ್ಸಿನ ಮಾತುಗಳನ್ನ ಬಡಬಡ ಹೇಳ್ತಾ ಹೋಗ್ತಾರೆ, ಎರಡೂ ಒಂದನ್ನೊಂದು ತುಳಿಯಲ್ಲ. ಅದನ್ನ ಕೇಳಿದ್ಮೇಲೂ ಇಲ್ಲಿ ಸಂಗೀತದ ಕೆಲಸ ನಡೆದೇ ಇಲ್ಲ ಅಂತೀರಾ?

ಇನ್ನೊಂದು, 'ಪಾಯಿಂಟ್ಸ್ ಆಫ್ ಅಥಾರಿಟಿ'. ಡೆಲ್ಸನ್ ಗಿಟಾರಲ್ಲಿ ಒಂದು ರಿಫ್ (ಮತ್ತೆ ಮತ್ತೆ ಬರೋ ಚಿಕ್ಕ ತುಣುಕು) ನುಡಿಸಿ ಮನೆಗೆ ಹೋದ್ರು, ಶಿನೋಡ ಅದನ್ನ ಕಂಪ್ಯೂಟರಲ್ಲಿ ಚೂರು ಚೂರು ಮಾಡಿ ಹಿಂದುಮುಂದು ಜೋಡಿಸಿದ್ರು, ಆಮೇಲೆ ಡೆಲ್ಸನ್ ಬಂದು ತಾನೇ ನುಡಿಸಿದ್ದನ್ನ ಕಂಪ್ಯೂಟರ್ ಕೇಳ್ಕೊಂಡು ಮತ್ತೆ ಕಲೀಬೇಕಾಯ್ತು. ನಿಮಗೆ ಇದು ಮೋಸ ಅನ್ನಿಸಬಹುದು, ನಂಗೆ ಈ ಆಲ್ಬಮ್ಮಿನ ಗುಟ್ಟೇ ಇಲ್ಲಿದೆ ಅನ್ನಿಸತ್ತೆ, ಆ ರಿಫ್ ಕುಂಟ್ತಾ ಕುಂಟ್ತಾ ಬರತ್ತಲ್ಲ, ಕೈ ಅಷ್ಟಕ್ಕೇ ಬಿಟ್ಟಿದ್ರೆ ಹಾಗೆ ಬರ್ತಿರಲಿಲ್ಲ.

ತುಂಬಾ ನುಣುಪು, ಪಾಪ್ ಥರ ಪಾಲಿಶ್ ಹೊಡೆದಿದ್ದಾರೆ ಅಂತನೂ ಬರೆದಿದ್ದೀರಿ. ಹೊಡೆದಿದ್ದಾರೆ ಸರ್. ಮಿಕ್ಸಿಂಗ್, ಅಂದ್ರೆ ರೆಕಾರ್ಡ್ ಆದ ದನಿಗಳನ್ನೆಲ್ಲ ಹದವಾಗಿ ಬೆರೆಸೋ ಕೆಲಸ, ಮಾಡಿದ್ದು ಆಂಡಿ ವ್ಯಾಲೇಸ್, ರಾಕ್ ಬ್ಯಾಂಡ್ ನಿರ್ವಾಣದ 'ನೆವರ್‌ಮೈಂಡ್' ಮಿಕ್ಸ್ ಮಾಡಿದ್ದೂ ಅವರೇ, ಸ್ಲೇಯರ್‌ನ 'ರೇನ್ ಇನ್ ಬ್ಲಡ್'ಗೆ ಎಂಜಿನಿಯರ್ ಆಗಿದ್ದೂ ಅವರೇ. ಆ ಒರಟು ರಾಕ್ ಆಲ್ಬಮ್ಮುಗಳಿಗೂ ಇದಕ್ಕೂ ಒಂದೇ ಜೋಡಿ ಕಿವಿ. ಇಡೀ ಆಲ್ಬಮ್ 38 ನಿಮಿಷ ಕೂಡ ಇಲ್ಲ, ಎಲ್ಲೂ ಕೊಬ್ಬಿಲ್ಲ.

ಈಗ ಸಾಹಿತ್ಯಕ್ಕೆ ಬರ್ತೀನಿ, ನನ್ನ ಮಾತೆಲ್ಲ ಇರೋದು ಇಲ್ಲೇ. ನೀವು ಹೇಳಿದ್ದು ಅಕ್ಷರಶಃ ನಿಜ. ಈ ಹಾಡುಗಳಲ್ಲಿ ಊರಿಲ್ಲ, ಬೀದಿ ಇಲ್ಲ, ಹೆಸರಿಲ್ಲ, 'ನಾನು' 'ನೀನು' ಬಿಟ್ರೆ ಜನಾನೇ ಇಲ್ಲ. ಕವಿತೆ ಅಂತ ಪ್ರಿಂಟ್ ಮಾಡಿದ್ರೆ ನಮ್ಮ ಪತ್ರಿಕೆ ಕವನ ವಿಭಾಗದವರು ವಾಪಸ್ ಕಳಿಸ್ತಾರೆ. ಆದ್ರೆ ಈ ಆಲ್ಬಮ್ ಬೆಂಗಳೂರಿಗೆ ಹೇಗೆ ಬಂತು, ಯಾರ ಕೈಗೆ ಸಿಕ್ತು ಅಂತ ಒಂದ್ಸಲ ನೋಡಿ. ಅಮೆರಿಕದಲ್ಲಿ 2000ದ ಅಕ್ಟೋಬರ್ 24ಕ್ಕೆ ಬಂತು, 2001ರಲ್ಲಿ ಅಲ್ಲಿ ಅತಿ ಹೆಚ್ಚು ಮಾರಾಟ ಆದ ಆಲ್ಬಮ್ ಅದೇ. ಇಲ್ಲಿ ಬಂದಿದ್ದು ಮೆಜೆಸ್ಟಿಕ್ ಕಡೆ ಫುಟ್‌ಪಾತ್ ಮೇಲೆ, ಸ್ಕೆಚ್ ಪೆನ್ನಲ್ಲಿ ಹೆಸರು ಬರೆದ ಎಂಪಿ-3 ಸಿಡಿಗಳಲ್ಲಿ, ಒಂದೇ ಸಿಡೀಲಿ ನೂರಾರು ಹಾಡು, ಎಷ್ಟೋ ಸಲ ಬ್ಯಾಂಡಿನ ಸ್ಪೆಲ್ಲಿಂಗೂ ತಪ್ಪು. ಅಲ್ಲಿಂದ ಹಾಸ್ಟೆಲ್‌ಗಳಿಗೆ ಹೋಯ್ತು. ಹಾಸನ, ತುಮಕೂರು, ದಾವಣಗೆರೆ ಕಡೆಯಿಂದ ಸಿಇಟಿ ಬರೆದು ಎಂಜಿನಿಯರಿಂಗ್‌ಗೆ ಬಂದ ಹುಡುಗರು, ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಇಂಗ್ಲಿಷ್ ಓದಿದ್ರೆ ಅರ್ಥ ಆಗತ್ತೆ, ಕಿವಿಗೆ ಬಿದ್ರೆ ಅರ್ಧ ಹೋಗತ್ತೆ. ನಿಮ್ಮ ನಮ್ಮ ಕಾಲದ ರಾಕ್ ಹಾಡುಗಳಲ್ಲಿ ಅವರಿಗೆ ಅಡ್ಡ ಬರ್ತಿದ್ದು ಏನಂದ್ರೆ, ಹೈವೇ ಯಾವುದು, ಆ ಬಾರು ಯಾವುದು, ಆ ಬೈಗುಳ ಏನು, ಎಲ್ಲಾ ಬೇರೆ ದೇಶದ್ದು. ಇಲ್ಲಿ ಚೆಸ್ಟರ್ ಒಂದೊಂದು ಅಕ್ಷರಾನೂ ಬಿಡಿಸಿ ಹಾಡ್ತಾರೆ, ಕಿರುಚುವಾಗಲೂ ಪದ ಕೇಳಿಸತ್ತೆ, ಪದಗಳೂ ಪಿಯುಸಿ ಇಂಗ್ಲಿಷ್ ದಾಟಲ್ಲ, ಒಂದು ಕೆಟ್ಟ ಮಾತು ಕೂಡ ಇಲ್ಲ ಇಡೀ ಆಲ್ಬಮ್ಮಲ್ಲಿ, ಅಪ್ಪ ಅಮ್ಮ ರೂಮಿಗೆ ಬಂದ್ರೂ ಆಫ್ ಮಾಡೋ ಅಗತ್ಯ ಇಲ್ಲ. ಆ ಖಾಲಿ 'ನೀನು' ಇದೆಯಲ್ಲ, ಅದರಲ್ಲಿ ಅವರವರ ಎಚ್‌ಒಡಿನ, ಅಪ್ಪನ್ನ, ಇಂಟರ್ನಲ್ಸಲ್ಲಿ ಮಾರ್ಕ್ಸ್ ಕಟ್ ಮಾಡಿದವರನ್ನ ಕೂರಿಸಿಕೊಂಡ್ರು. ನೀವು ಟೊಳ್ಳು ಅಂದಿದ್ದು ಅವರಿಗೆ ಜಾಗ ಆಯ್ತು. ಇದರಿಂದ ಸಾಹಿತ್ಯ ಒಳ್ಳೇದಾಗಿಬಿಡ್ತು ಅಂತ ನಾನು ಹೇಳ್ತಿಲ್ಲ, ಹಾಡಿನ ಸಾಹಿತ್ಯ ಕವಿತೆಗಿಂತ ಬೇರೆ ಕೆಲಸಾನೂ ಮಾಡತ್ತೆ ಅಂತಿದ್ದೀನಿ ಅಷ್ಟೇ.

ಆಮೇಲೆ ಆಗಿನ ಕಾಲೇಜ್ ಫೆಸ್ಟುಗಳು. ಯಾವ ವಾದ್ಯಾನೂ ಬರದ ಆದ್ರೆ ಬಾಯಿ ಚೆನ್ನಾಗಿದ್ದ ಒಬ್ಬ ಗೆಳೆಯ ಪ್ರತಿ ಬ್ಯಾಂಡಿಗೂ ಸೇರ್ಕೊಂಡಿದ್ದು ಈ ಆಲ್ಬಮ್ ದಯೆಯಿಂದ, ಶಿನೋಡ ಪಾರ್ಟ್ ಅವನದು. ಅವರಲ್ಲಿ ಬಹುಪಾಲು ಜನ ಘೋರವಾಗಿದ್ರು, ಅದಕ್ಕೆ ನಾನು ಲಿಂಕಿನ್ ಪಾರ್ಕನ್ನ ಕ್ಷಮಿಸಿಲ್ಲ.

ನಾಟಕದ ಅಳು ಅಂದ್ರಿ. 'ಕ್ರಾಲಿಂಗ್', ಅಂದ್ರೆ 2002ರಲ್ಲಿ ಗ್ರ್ಯಾಮಿ ಬಂದ ಹಾಡು, ತನ್ನ ಡ್ರಗ್ಸ್ ಚಟದ ಬಗ್ಗೆ, ತನ್ನ ಮೇಲೆ ತನಗೇ ಹಿಡಿತ ಇಲ್ಲದ್ದರ ಬಗ್ಗೆ ಅಂತ ಚೆಸ್ಟರ್ ಹೇಳ್ಕೊಂಡಿದ್ದಾರೆ. 2017ರ ಜುಲೈ 20ಕ್ಕೆ ಅವರು ತೀರ್ಕೊಂಡ್ರು, ಅದು ಆತ್ಮಹತ್ಯೆ ಅಂತ ನಿಮಗೂ ಗೊತ್ತು. ಆಗ ಎಷ್ಟೋ ಜನ 'ನೋಡಿ, ಆ ನೋವು ನಿಜವಾಗಿತ್ತು' ಅಂತ ನಿಮ್ಮಂಥವರ ಬಾಯಿ ಮುಚ್ಚಿಸಿದ್ರು. ನಾನು ಆ ದಾರಿ ಹಿಡಿಯಲ್ಲ. ಒಬ್ಬರ ಸಾವನ್ನ ಆಲ್ಬಮ್ಮಿಗೆ ಸರ್ಟಿಫಿಕೇಟ್ ಮಾಡೋದೂ ಜಾತಕ ನೋಡಿದ ಹಾಗೇನೇ. ಹಾಡುವಾಗ ಆ ಗಂಟಲಲ್ಲಿ ಏನು ಕೇಳಿಸತ್ತೆ ಅನ್ನೋದು 2000ದಲ್ಲೂ ಕೇಳಿಸ್ತಿತ್ತು, ಕೇಳಿಸದಿದ್ದೋರಿಗೆ 2017ರ ಸುದ್ದಿಯಿಂದ ಕೇಳಿಸಬೇಕಾಗಿಲ್ಲ.

ಹಾಗಂತ ಆಲ್ಬಮ್ ಪೂರ್ತಿ ಚಿನ್ನ ಅಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಸೋಲೋ ಬಿಟ್ಟು ಬೇರೆ ಕಡೆ ಹೊಡೀತಿದ್ದೆ. ಅಚ್ಚು ಒಂದೇ: ಮೆಲ್ಲಗೆ ಶುರು, ರ‍್ಯಾಪು, ಕೋರಸ್ಸಲ್ಲಿ ಗಿಟಾರ್ ಗೋಡೆ, ಮಧ್ಯ ಒಂದು ಪಿಸುಮಾತು, ಮತ್ತೆ ಗೋಡೆ. 'ರನ್‌ಅವೇ', 'ಬೈ ಮೈಸೆಲ್ಫ್' ಹೊತ್ತಿಗೆ ಮುಂದೇನು ಅಂತ ಮೊದಲೇ ಗೊತ್ತಾಗಿಬಿಡತ್ತೆ. ಜೋ ಹಾನ್‌ದೇ ಆದ ಹಾಡುಗಾರಿಕೆ ಇಲ್ಲದ ತುಣುಕು 'ಕ್ಯೂರ್ ಫಾರ್ ದಿ ಇಚ್' ಬರೋದು ಹನ್ನೊಂದನೇದಾಗಿ, ಅದು ಏಳನೇದಾಗಿ ಬಂದಿದ್ರೆ ಕಿವಿಗೆ ಎಷ್ಟೋ ಹಿತ ಆಗ್ತಿತ್ತು. ಆ ಅಚ್ಚನ್ನ ಅವರು ನಿಜವಾಗ್ಲೂ ಮೀರಿದ್ದು 'ಇನ್ ದಿ ಎಂಡ್'ನಲ್ಲಿ, ನಾಲ್ಕು ಪಿಯಾನೋ ಸ್ವರ ಇಡೀ ಹಾಡನ್ನ ಹೊತ್ಕೊಂಡು ಹೋಗತ್ತೆ, ಕೋರಸ್ಸಲ್ಲಿ ಚೆಸ್ಟರ್ ಕಿರುಚಲ್ಲ, ಹಾಡ್ತಾರೆ. ಮಜಾ ಏನಂದ್ರೆ ಆ ಹಾಡು ಚೆಸ್ಟರ್‌ಗೇ ಮೊದಲು ಇಷ್ಟ ಆಗಿರಲಿಲ್ಲ, ಆಲ್ಬಮ್ಮಲ್ಲೇ ಬೇಡ ಅಂದಿದ್ರು. ಬ್ಯಾಂಡಿನ ಅತಿ ದೊಡ್ಡ ಹಾಡಿನ ಬಗ್ಗೆ ಹಾಡಿದವರದೇ ರುಚಿ ಹೀಗೆ, ಆಮೇಲೆ ಅವರು ಮನಸ್ಸು ಬದಲಾಯಿಸಿಕೊಂಡ್ರು.

ರುಚಿ ಕಲ್ಲಲ್ಲಿ ಕೆತ್ತಿದ್ದಲ್ಲ ಅನ್ನೋಕೆ ಅಮೆರಿಕಕ್ಕೆ ಹೋಗ್ಬೇಕಾ? 1987ರಲ್ಲಿ ಹಂಸಲೇಖ ಅವರ 'ಪ್ರೇಮಲೋಕ' ಬಂದಾಗ ಮನೆಯ ಹಿರಿಯರು, ಇದೇನು ಹಾಡಾ, ಮಾತಾಡ್ಕೊಂಡಿದ್ದಾರಲ್ಲ, ಸಾಹಿತ್ಯ ಅಂದ್ರೆ ಇದಾ ಅಂತ ಬೈತಿದ್ದದ್ದು ನಿಮಗೆ ನೆನಪಿರ್ಬೇಕು. ಆಗ ನೀವು ಬೈಸಿಕೊಂಡ ಪಾರ್ಟಿಯೋ ಬೈದ ಪಾರ್ಟಿಯೋ, ಅದನ್ನ ಬರೀಲಿಲ್ಲ ನೀವು.

ಪತ್ರದ ಕೊನೇಲಿ ಈ ಮೂರು ಪುಟ ಡೀಪ್ ಪರ್ಪಲ್ ಆಲ್ಬಮ್ 'ಮಷೀನ್ ಹೆಡ್'ಗೆ ಕೊಡಬಹುದಿತ್ತು ಅಂದಿದ್ದೀರಿ. ಕೊಟ್ಟೆ, ತಗೊಳ್ಳಿ, ಮುಂದಿನ ಸಂಚಿಕೇಲಿ ನೀವೇ ಬರೀರಿ. ಬ್ಲ್ಯಾಕ್‌ಮೋರ್ ಸೋಲೋ ಅದ್ಭುತ ಅಂತ ಒಂದೇ ಸಾಲಲ್ಲಿ ಮುಗಿಸಬೇಡಿ, ಆ ಆಲ್ಬಮ್ಮಿನ 'ಹೈವೇ ಸ್ಟಾರ್' ಹಾಡಲ್ಲಿ ಅದು ಎಲ್ಲಿ ಶುರು ಆಗತ್ತೆ, ಅದಕ್ಕೆ ಮುಂಚೆ ಜಾನ್ ಲಾರ್ಡ್ ಆರ್ಗನ್ ಏನು ಮಾಡಿಟ್ಟಿರತ್ತೆ, ಅದು ಇಲ್ಲದಿದ್ರೆ ಹಾಡಿಗೆ ಏನು ಕಮ್ಮಿ ಆಗ್ತಿತ್ತು, ಅದನ್ನ ಬರೀರಿ. ಸಂಭಾವನೆ ಎಲ್ಲರಿಗೂ ಕೊಡೋದೇ, ಜಾಸ್ತಿ ಇಲ್ಲ. 15ನೇ ತಾರೀಖಿನೊಳಗೆ ತಲುಪಿದ್ರೆ ಒಂದು ಸಾಲೂ ಕತ್ತರಿಸದೆ ಹಾಕ್ತೀನಿ.

– ಸಂ.