ಮನೆ ಗ್ಯಾರೇಜಿನಲ್ಲಿ ಕಾರು ಎತ್ತಲು ಎರಡು ಕಂಬದ ಲಿಫ್ಟ್ ಒಳ್ಳೆಯದಾ, ನಾಲ್ಕು ಕಂಬದ್ದಾ?
ಲಿಫ್ಟ್ ಆರಿಸುವ ಮೊದಲು ನಿಮ್ಮ ನೆಲ ಮತ್ತು ಚಾವಣಿ ನೋಡಿ.

ಎರಡು ಕಂಬದ ಲಿಫ್ಟಿನಲ್ಲಿ ಚಕ್ರಗಳು ಗಾಳಿಯಲ್ಲಿ ನೇತಾಡುತ್ತವೆ. ಬ್ರೇಕ್, ಸಸ್ಪೆನ್ಷನ್ ಕೆಲಸಕ್ಕೆ ತುಂಬಾ ಅನುಕೂಲ. ಆದರೆ ಕಾರಿನ ಇಡೀ ಭಾರ ಎರಡೇ ಕಂಬಗಳ ಬುಡಕ್ಕೆ ಬೀಳುತ್ತದೆ. ಕಂಬ ವಾಲದಂತೆ ಹಿಡಿಯುವುದು ಕಾಂಕ್ರೀಟಿಗೆ ಹೊಡೆದ ಆಂಕರ್ ಬೋಲ್ಟ್‌ಗಳು. ಹಾಗಾಗಿ ಕಾಂಕ್ರೀಟ್ ಕಡಿಮೆ ಅಂದ್ರೂ 4 ಇಂಚು ದಪ್ಪ ಇರಬೇಕು, ಕೆಲವು ಮಾದರಿಗಳಿಗೆ ಇನ್ನೂ ಜಾಸ್ತಿ. ಸುಮ್ನೆ ಅಂದಾಜು ಮಾಡಬೇಡಿ, ಒಂದು ತೂತು ಕೊರೆದು ಅಳೆಯಿರಿ. ಬಿರುಕು ಬಿಟ್ಟ ನೆಲದ ಮೇಲಂತೂ ದಯವಿಟ್ಟು ಹಾಕಿಸಬೇಡಿ.

ಒಂದರ ಮೇಲೊಂದು ಕಾರು ನಿಲ್ಲಿಸುವುದಿದ್ದರೆ ನಾಲ್ಕು ಕಂಬದ್ದೇ ಸರಿ. ಇದರಲ್ಲಿ ಕಾರು ಹಲಗೆಗಳ ಮೇಲೆ ಚಕ್ರ ಊರಿ ನಿಲ್ಲುತ್ತದೆ, ಹಾಗಾಗಿ ಚಕ್ರ ಬಿಚ್ಚಲು ಮಾತ್ರ ಬೇರೆ ಜ್ಯಾಕ್ ಬೇಕಾಗುತ್ತದೆ. ಎರಡೂ ಕಾರುಗಳ ಎತ್ತರ ಕೂಡಿಸಿ, ಹಲಗೆಯ ದಪ್ಪ ಸೇರಿಸಿ. ತಲಾ 5 ಅಡಿ ಎತ್ತರದ ಕಾರಾದರೆ 10 ಅಡಿ ಚಾವಣಿ ಸಾಲುವುದಿಲ್ಲ ಅಲ್ವಾ? ಮೇಲಕ್ಕೆ ಸರಿಯುವ ಬಾಗಿಲಿದ್ದರೆ ಅದರ ಹಳಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಚಾವಣಿ ತಗ್ಗಾಗಿದ್ದರೆ ಅರ್ಧ ಎತ್ತರದ ಸಿಸರ್ ಲಿಫ್ಟ್ (ಕತ್ತರಿಯಂತೆ ಮಡಚುವ ಕಾಲುಗಳದ್ದು) ನೋಡಿ.

ಮೆಕ್ಯಾನಿಕಲ್ ಲಾಕ್ (ಲಿಫ್ಟ್ ಕೆಳಗೆ ಜಾರದಂತೆ ತಡೆಯುವ ಲೋಹದ ಕೊಂಡಿ) ಇಲ್ಲದ ಲಿಫ್ಟ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಕಾರಿನ ಕೆಳಗೆ ಹೋಗುವ ಮೊದಲು ಭಾರವನ್ನು ಲಾಕ್ ಮೇಲೆ ಕೂರಿಸಿ. ಲಿಫ್ಟನ್ನು ಎತ್ತುವ ಹೈಡ್ರಾಲಿಕ್ (ಎಣ್ಣೆಯ) ಒತ್ತಡವನ್ನಷ್ಟೇ ನಂಬಬೇಡಿ.