ಕಂಪನಿಯವರು 3 ತಿಂಗಳ ಸಂಬಳ ಕೊಡ್ತೀವಿ, ರಾಜೀನಾಮೆ ಕೊಡಿ ಅಂತಿದ್ದಾರೆ. 5 ತಿಂಗಳದ್ದು ಕೇಳಬಹುದಾ? ನಾನು ಲೀಡ್, ಐಟಿಗೆ ಲೇಬರ್ ಲಾ ಇಲ್ಲ.

ಐದೂ ಕೇಳಬೇಡಿ, ಆರೂ ಕೇಳಬೇಡಿ. ಮೊದಲು ಆ ರಾಜೀನಾಮೆ ಬಟನ್ನಿಂದ ಕೈ ತೆಗೆಯಿರಿ.

ನಿಮ್ಮ ಪ್ರಶ್ನೆ ಓದಿ 2023ರ ಜನವರಿ ನೆನಪಾಯಿತು. ಗೂಗಲ್ 12,000 ಜನರನ್ನು ತೆಗೆಯುತ್ತೇವೆ ಎಂದು ಘೋಷಿಸಿದ ತಿಂಗಳು ಅದು. ನಾನಿದ್ದದ್ದು ಬೇರೆ ಕಂಪನಿ, ಔಟರ್ ರಿಂಗ್ ರೋಡಿನಲ್ಲಿ. ಊಟ ಮುಗಿಸಿ ಸೀಟಿಗೆ ಬಂದರೆ ಕ್ಯಾಲೆಂಡರಿನಲ್ಲಿ ಹೆಸರಿಲ್ಲದ ಒಂದು ಮೀಟಿಂಗ್. ಒಳಗೆ ಹೋದೆ. ಮ್ಯಾನೇಜರ್ ತಲೆ ಎತ್ತಲಿಲ್ಲ. ಮಾತೆಲ್ಲ ಎಚ್‌ಆರ್ ಮೇಡಂದೇ: "ರೀಸ್ಟ್ರಕ್ಚರಿಂಗ್ ಆಗ್ತಿದೆ ಸರ್, ನಿಮ್ಮ ರೋಲ್ ಇರಲ್ಲ. ನೀವೇ ಪೇಪರ್ ಹಾಕಿದ್ರೆ ಮೂರು ತಿಂಗಳ ಸಂಬಳ, ಕ್ಲೀನ್ ರಿಲೀವಿಂಗ್ ಲೆಟರ್. ಇಲ್ಲಾಂದ್ರೆ ಟರ್ಮಿನೇಟ್ ಮಾಡ್ಬೇಕಾಗುತ್ತೆ. ಮುಂದೆ ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ನಿಮಗೇ ಕಷ್ಟ."

ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಪೋರ್ಟಲ್ ಆಗಲೇ ತೆರೆದಿತ್ತು. ಕೊನೆಯ ಕೆಲಸದ ದಿನ ಅನ್ನುವ ಜಾಗದಲ್ಲಿ ಅವತ್ತಿನ ತಾರೀಕು. ಕಾರಣ ಅನ್ನುವ ಜಾಗದಲ್ಲಿ ಒಂದು ಪಟ್ಟಿ: ಉನ್ನತ ವ್ಯಾಸಂಗ, ಆರೋಗ್ಯ, ಬೇರೆ ಕೆಲಸ, ವೈಯಕ್ತಿಕ. ಕಂಪನಿಯೇ ತೆಗೆಯುತ್ತಿದೆ ಅನ್ನುವ ಆಯ್ಕೆ ಇರಲೇ ಇಲ್ಲ. "ಯಾವುದು ಹಾಕ್ಲಿ?" ಅಂತ ನಾನೇ ಕೇಳಿದೆ ನೋಡಿ! "ಪರ್ಸನಲ್ ಹಾಕಿ ಸರ್" ಅಂದರು. ಹಾಕಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಚೌಕ ಇತ್ತು: ನನ್ನ ಕೋರಿಕೆಯ ಮೇರೆಗೆ ನೋಟಿಸ್ ಅವಧಿ ಮನ್ನಾ ಮಾಡಬೇಕು. ಅದಕ್ಕೂ ಟಿಕ್ ಹಾಕಿದೆ.

ಆ ಒಂದು ಕ್ಲಿಕ್ಕಿಗೆ ಎಷ್ಟು ಕಳೆದುಕೊಂಡೆ ಅಂತ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆಗ ಇದ್ದದ್ದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ. ಅದರ 25ಎಫ್ ಕಲಮಿನ ಪ್ರಕಾರ, ಒಂದು ವರ್ಷ ಸತತ ಕೆಲಸ ಮಾಡಿದ ಕಾರ್ಮಿಕನನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಅದರ ಸಂಬಳ ಕೊಡಬೇಕು. ಅದರ ಮೇಲೆ ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ಸಂಬಳ ಪರಿಹಾರ. ಕೊನೆಯಲ್ಲಿ ಆರು ತಿಂಗಳಿಗಿಂತ ಜಾಸ್ತಿ ಮಿಕ್ಕಿದ್ದರೆ ಅದೂ ಒಂದು ವರ್ಷ. ನನ್ನದು 4 ವರ್ಷ 10 ತಿಂಗಳ ಸೇವೆ, ಅಂದರೆ ಲೆಕ್ಕಕ್ಕೆ ಐದು. ತಿಂಗಳಿಗೆ ಒಂದು ಲಕ್ಷ ಸಂಬಳ. ಪರಿಹಾರವೇ ಸುಮಾರು 2.5 ಲಕ್ಷ ಆಗುತ್ತಿತ್ತು. ಆಫರ್ ಲೆಟರಿನಲ್ಲಿ ಎರಡು ತಿಂಗಳ ನೋಟಿಸ್ ಇತ್ತು, ಅದರ ಸಂಬಳ ಬೇರೆ. ಒಟ್ಟು 4.5 ಲಕ್ಷ.

ಅವರು ಕೊಟ್ಟಿದ್ದು ಮೂರು ಲಕ್ಷ. ಆಗ ಅದೇ ದೊಡ್ಡ ಉಪಕಾರ ಅನ್ನಿಸಿತ್ತು. ಅದರಲ್ಲಿ ಎರಡು ತಿಂಗಳದ್ದು ಹೇಗೂ ನನಗೆ ಬರಬೇಕಾಗಿದ್ದ ನೋಟಿಸ್ ದುಡ್ಡು! ನಿಜವಾಗಿ ಮೇಲೆ ಕೊಟ್ಟಿದ್ದು ಒಂದೇ ಒಂದು ತಿಂಗಳದ್ದು. ಅದರಲ್ಲೂ ತೆರಿಗೆ ಹಿಡಿದುಕೊಂಡರು. ರಿಟ್ರೆಂಚ್‌ಮೆಂಟ್ ಪರಿಹಾರಕ್ಕೆ, ಅಂದರೆ ಕಂಪನಿಯೇ ತೆಗೆದಾಗ ಸಿಗುವ ದುಡ್ಡಿಗೆ, ಕಾನೂನಿನ ಲೆಕ್ಕದ ಮೊತ್ತದವರೆಗೆ, ಹೆಚ್ಚೆಂದರೆ 5 ಲಕ್ಷಕ್ಕೆ, ಆದಾಯ ತೆರಿಗೆ ವಿನಾಯಿತಿ ಇದೆ. ನಾನೇ ಬಿಟ್ಟು ಹೋದವನಲ್ವಾ, ಆ ವಿನಾಯಿತಿ ಎಲ್ಲಿಂದ ಬರಬೇಕು?

ಇದು ಗೊತ್ತಾಗಿದ್ದು ತಡವಾಗಿ. ಹಳೆಯ ಸಹೋದ್ಯೋಗಿ ಒಬ್ಬರು ಒತ್ತಾಯ ಮಾಡಿದ ಮೇಲೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ, ಅಂದರೆ ಕಾರ್ಮಿಕ ಇಲಾಖೆಯ ಕಚೇರಿಗೆ, ಹೋದೆ. ಅಧಿಕಾರಿ ಒಳ್ಳೆಯವರು, ಕಾಗದ ಎಲ್ಲ ನಿಧಾನವಾಗಿ ಓದಿದರು. "ಬಲವಂತ ಮಾಡಿದ್ರು ಅಂತೀರಿ. ಅವತ್ತೇ ಒಂದು ಮೇಲ್ ಆದ್ರೂ ಹಾಕಿದ್ರಾ?" ಅಂದರು. ಹಾಕಿರಲಿಲ್ಲ. ಹಾಕಿದ್ದೇನು ಗೊತ್ತಾ? ಲಿಂಕ್ಡ್‌ಇನ್‌ನಲ್ಲಿ ಟೀಮ್ ಫೋಟೋ ಜೊತೆ ಉದ್ದದ ಬೀಳ್ಕೊಡುಗೆ. ಇಷ್ಟು ವರ್ಷ ಬೆಳೆಸಿದ ಕಂಪನಿಗೆ ಕೃತಜ್ಞತೆ, ಹೊಸ ದಾರಿಯ ಬಗ್ಗೆ ಉತ್ಸಾಹ, ಹಾಳುಮೂಳು. ರಾಜಿ ಮಾತುಕತೆಯ ದಿನ ಕಂಪನಿಯ ವಕೀಲರು ಅದರ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟರು. ಫೋಟೋದಲ್ಲಿ ನಾನು ಹಲ್ಲು ಬಿಟ್ಟು ನಗುತ್ತಿದ್ದೇನೆ. ಅಲ್ಲಿಗೆ ನನ್ನ ಕೇಸ್ ಮುಗಿದ ಹಾಗೇ.

ಗ್ರಾಚುಯಿಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಕೊಡುವ ಇಡಿಗಂಟು, ಅದು ಮಾತ್ರ ಕೊನೆಗೆ ಬಂತು. ಐದು ವರ್ಷ ತುಂಬಿಲ್ಲ ಅಂತ ಮೊದಲು ತಳ್ಳಿಹಾಕಿದ್ದರು. ಐದನೇ ವರ್ಷದಲ್ಲಿ 240 ದಿನ ದಾಟಿದ್ದರೆ ಸಾಕು ಅಂತ ಮದ್ರಾಸ್ ಹೈಕೋರ್ಟಿನ ತೀರ್ಪು ಇದೆ. ವಾರಕ್ಕೆ ಐದೇ ದಿನ ಕೆಲಸ ಇರುವ ಕಡೆ ಆಗಿನ ಗ್ರಾಚುಯಿಟಿ ಕಾಯ್ದೆ ಹೇಳುತ್ತಿದ್ದದ್ದು 190 ದಿನ. ಅದನ್ನು ಹಿಡಿದು ಅರ್ಜಿ ಹಾಕಿದೆ. ಬೇಸಿಕ್, ಅಂದರೆ ಮೂಲ ವೇತನ, 40,000 ಇತ್ತು. ಅದನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಐದು ವರ್ಷಕ್ಕೆ ಸುಮಾರು 1.15 ಲಕ್ಷ. ಎಫ್ ಅಂಡ್ ಎಫ್, ಅಂದರೆ ಕೊನೆಯ ಲೆಕ್ಕ ಚುಕ್ತಾ ಮಾಡುವ ಕಾಗದದಲ್ಲಿ, ಇನ್ನೇನೂ ಬಾಕಿ ಇಲ್ಲ ಅಂತ ಸಹಿ ಮಾಡಿದ್ದರೂ ಗ್ರಾಚುಯಿಟಿ ಹಕ್ಕು ಹೋಗಲ್ಲ. ರಾಜೀನಾಮೆ ಕೊಟ್ಟರೂ ಹೋಗಲ್ಲ. ನಿಮ್ಮ ಎಚ್‌ಆರ್ ಇದನ್ನೂ ಮೂರು ತಿಂಗಳಲ್ಲೇ ಸೇರಿಸಿ ತೋರಿಸುತ್ತಿದ್ದಾರಾ ನೋಡಿಕೊಳ್ಳಿ.

ಇನ್ನು ನೀವು ಬರೆದಿರುವ "ನಾನು ಲೀಡ್, ಐಟಿಗೆ ಲೇಬರ್ ಲಾ ಇಲ್ಲ" ಅನ್ನುವ ಮಾತು. ಇದನ್ನು ಯಾರು ಹಬ್ಬಿಸಿದರೋ ಗೊತ್ತಿಲ್ಲ, ಕಂಪನಿಗಳಿಗೆ ಮಾತ್ರ ಬಹಳ ಲಾಭ ಆಗಿದೆ. ಕರ್ನಾಟಕದಲ್ಲಿ ಐಟಿಗೆ ಕೊಟ್ಟಿದ್ದ ಆ ಹೆಸರಾಂತ ವಿನಾಯಿತಿ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ, ಅಂದರೆ ಕೆಲಸದ ಷರತ್ತುಗಳನ್ನು ಬರೆದಿಡಬೇಕು ಅನ್ನುತ್ತಿದ್ದ ಕಾಯ್ದೆಯಿಂದ. ಪರಿಹಾರದ ಕಾನೂನಿನಿಂದ ಅಲ್ಲ. ಲೀಡ್, ಮ್ಯಾನೇಜರ್ ಅನ್ನುವ ಹೆಸರು ಕೂಡ ಲೆಕ್ಕಕ್ಕಿಲ್ಲ. ನೀವು ನಿಜವಾಗಿ ಏನು ಕೆಲಸ ಮಾಡುತ್ತೀರಿ ಅನ್ನುವುದು ಮುಖ್ಯ. ನಾನು ಕಾಗದದಲ್ಲಿ ಅಸೋಸಿಯೇಟ್ ಮ್ಯಾನೇಜರ್. ಬೆಳಗ್ಗೆಯಿಂದ ರಾತ್ರಿವರೆಗೆ ಡೇಟಾಬೇಸ್ ಕ್ವೆರಿ ಸರಿಮಾಡುತ್ತಿದ್ದೆ. ಒಬ್ಬರ ರಜೆ ಮಂಜೂರು ಮಾಡುವ ಅಧಿಕಾರವೂ ನನಗಿರಲಿಲ್ಲ. ನಿಮ್ಮದೂ ಹಾಗೇ ಇದ್ದರೆ ವಾದಕ್ಕೆ ಜಾಗ ಇದೆ. ನಿಜವಾಗಿಯೂ ಜನರನ್ನು ಸೇರಿಸಿಕೊಳ್ಳುವ, ತೆಗೆಯುವ ಮ್ಯಾನೇಜರ್ ಆಗಿದ್ದರೆ ಈ ಪರಿಹಾರ ನಿಮಗೆ ಸಿಗಲ್ಲ, ಆಗ ಆಫರ್ ಲೆಟರೇ ಗತಿ.

ನನ್ನ ಕಾಲದ ಕಾಯ್ದೆ ಈಗಿಲ್ಲ. 2025ರ ನವೆಂಬರ್ 21ರಿಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಲ್ಲಿದೆ. ಒಂದು ತಿಂಗಳ ನೋಟಿಸ್, ವರ್ಷಕ್ಕೆ 15 ದಿನ ಹಾಗೇ ಉಳಿದಿವೆ. ಜೊತೆಗೆ ಕಂಪನಿ ಇನ್ನೊಂದು 15 ದಿನದ ವೇತನವನ್ನು ಮರುಕೌಶಲ ನಿಧಿಗೆ (ಕೆಲಸ ಹೋದವರು ಹೊಸ ಕೌಶಲ ಕಲಿಯಲಿ ಅಂತ ಇರುವ ನಿಧಿ) ಕಟ್ಟಬೇಕು, ಅದು 45 ದಿನದೊಳಗೆ ನಿಮ್ಮ ಖಾತೆಗೆ ಬರಬೇಕು. ವೇತನದ ವ್ಯಾಖ್ಯೆ ಬದಲಾಗಿದೆ, ಹಾಗಾಗಿ ನನ್ನ ಅಂಕಿಗಳು ನಿಮಗೆ ಹಾಗೇ ಹೊಂದಲ್ಲ. ಬೇಸಿಕ್ ಕಡಿಮೆ ತೋರಿಸಿ ಅಲೋಯನ್ಸ್ ತುಂಬುವ ಆಟಕ್ಕೂ ಕಡಿವಾಣ ಬಿದ್ದಿದೆ, ಅಲೋಯನ್ಸ್ ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದ್ದು ವೇತನಕ್ಕೇ ಸೇರುತ್ತದೆ. ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡಬೇಕು ಅಂತ ವೇತನ ಸಂಹಿತೆ ಹೇಳುತ್ತದೆ. "ನಲವತ್ತೈದು ದಿನ ಆಗುತ್ತೆ ಸರ್" ಅಂದರೆ ತಲೆ ಆಡಿಸಬೇಡಿ. ಇದೆಲ್ಲ ಸಿಗುವುದು ಅವರು ನಿಮ್ಮನ್ನು ತೆಗೆದರೆ, ಬಾಕಿ ಸಂಬಳ ಒಂದನ್ನು ಬಿಟ್ಟು. ನೀವೇ ಹೋದರೆ ಉಳಿದದ್ದು ಇಲ್ಲ.

ಟರ್ಮಿನೇಷನ್ ಅಂದರೆ ಕಳಂಕ ಅನ್ನುವ ಭಯ ಬಿಡಿ. ಹುದ್ದೆ ರದ್ದಾಯಿತು ಅಂತ ಬರೆದ ಪತ್ರ ಕೇಳಿ. ಲೇಆಫ್ ಆದವರನ್ನು ಬೆಂಗಳೂರಿನಲ್ಲಿ ಯಾರೂ ಕಳ್ಳರ ಹಾಗೆ ನೋಡಲ್ಲ, ನನ್ನ ಈಗಿನ ಟೀಮಿನಲ್ಲಿ ಅಂಥವರೇ ಜಾಸ್ತಿ.

ಅವರು ಕಾನೂನಿಗಿಂತ ನಿಜಕ್ಕೂ ದೊಡ್ಡ ಮೊತ್ತ ಕೊಟ್ಟರೆ ಆಗ ಮಾತಾಡಬಹುದು. ಆದರೆ ನೋಟಿಸ್ ಎಷ್ಟು, ಪರಿಹಾರ ಎಷ್ಟು, ಗ್ರಾಚುಯಿಟಿ ಎಷ್ಟು, ರಜೆಯ ದುಡ್ಡು ಎಷ್ಟು ಅಂತ ಬೇರೆಬೇರೆ ಬರೆದ ಕಾಗದ ಕೈಗೆ ಬಂದ ಮೇಲೆ.

ಇವತ್ತು ಎಚ್‌ಆರ್‌ಗೆ ಇಷ್ಟೇ ಬರೆಯಿರಿ: ನನಗೆ ರಾಜೀನಾಮೆ ಕೊಡುವ ಇಚ್ಛೆ ಇಲ್ಲ, ಹುದ್ದೆ ತೆಗೆಯುವ ನಿರ್ಧಾರ ಕಂಪನಿಯದಾದರೆ ಲಿಖಿತ ನೋಟಿಸ್ ಮತ್ತು ಪರಿಹಾರದ ಲೆಕ್ಕ ಕಳಿಸಿ. ನಿಮ್ಮ ಸ್ವಂತ ಮೇಲ್ ವಿಳಾಸಕ್ಕೂ ಪ್ರತಿ ಹಾಕಿ. ಐಟಿ ನೌಕರರ ಸಂಘ ಕೆಐಟಿಯು ಇದೆ, ಅವರ ಜೊತೆ ಮಾತಾಡಿ, ನಾನು ಆಗ ಮಾತಾಡಿರಲಿಲ್ಲ. ಆಫರ್ ಲೆಟರ್, ಪೇಸ್ಲಿಪ್, ಅಪ್ರೈಸಲ್ ಪತ್ರಗಳನ್ನು ಈಗಲೇ ಇಳಿಸಿಕೊಳ್ಳಿ. ನಾನು ಆ ಕೋಣೆಯಿಂದ ಸೀಟಿಗೆ ಬರುವಷ್ಟರಲ್ಲಿ ನನ್ನ ಲಾಗಿನ್ ತೆಗೆದಿದ್ದರು.